ಹಳದಿ ಫಲಕದ ಬೀಗರು

ಬೇರೆ ಊರುಗಳಲ್ಲಿ ಮನೆಗೆ ಬಂದವರನ್ನು "ಊಟ ಆಯ್ತಾ?" ಎಂದು ಕೇಳುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ "ಯಾವ ರಸ್ತೆ ಹಿಡಿದು ಬಂದ್ರಿ?" ಎಂದು ಕೇಳುತ್ತಾರೆ. ಬಂದವರು ಹೆದ್ದಾರಿಯ ನಂಬರು, ಇಳಿದ ತಿರುವು, ಎಲ್ಲೆಲ್ಲಿ ಎಷ್ಟು ಹೊತ್ತು ಸಿಕ್ಕಿಬಿದ್ದರು ಎಂಬುದನ್ನೆಲ್ಲ ಒಪ್ಪಿಸಬೇಕು. ಕೇಳಿದವನು ತಲೆ ಕೊಡವಿ "ಛೇ, ಆ ಕಡೆ ಯಾಕೆ ಹೋದ್ರಿ, ನನ್ನ ಒಂದು ಮಾತು ಕೇಳಬಾರದಿತ್ತಾ?" ಅನ್ನಬೇಕು. ಕೂರಲು ಕುರ್ಚಿ ಸಿಗುವುದು ಆಮೇಲೆ. ಈ ಶಾಸ್ತ್ರದಲ್ಲಿ ಬೆದ್ರೋಸ್ ಕಲಾಯ್ಜಿಯನ್‌ನನ್ನು ಮೀರಿಸುವವರು ಊರಿನಲ್ಲೇ ಇಲ್ಲ ಎಂಬ ಮಾತಿತ್ತು. ಆ ಮಾತು ಆಡುತ್ತಿದ್ದವನು ಬೆದ್ರೋಸನೇ.

ಅವನದು ಗ್ಲೆಂಡೇಲ್‌ನಲ್ಲಿ ಬೂಟು ರಿಪೇರಿ ಅಂಗಡಿ. ಮೂವತ್ತೊಂದು ವರ್ಷದಿಂದ ಅದೇ ಅಂಗಡಿ, ಅದೇ ಸ್ಟೂಲು, ಮನೆಗೆ ಹೋಗಿಬರಲು ಅದೇ ಒಂದು ದಾರಿ. ಆದರೂ ಗಿರಾಕಿಯ ಅಟ್ಟೆ ಹೊಲಿಯುತ್ತ ಊರಿನ ಯಾವ ಮೂಲೆಯಿಂದ ಯಾವ ಮೂಲೆಗೆ ಬೇಕಾದರೂ ದಾರಿ ಹೇಳುತ್ತಿದ್ದ. ಫೋನಿನಲ್ಲಿ ನಕ್ಷೆ ನೋಡುವವರನ್ನು ಕಂಡರೆ ಅವನಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಹೋದ ವರ್ಷ ತಮ್ಮ ಅರ್ಮೇನಿಯನ್ ಚರ್ಚಿನ ಒಂಬತ್ತು ಕಾರುಗಳನ್ನು ಸಮುದ್ರತೀರದ ವನಭೋಜನಕ್ಕೆಂದು ತಾನೇ ಮುಂದಾಗಿ ಕರೆದೊಯ್ದು, ಎರಡು ಗಂಟೆ ಸುತ್ತಿಸಿ, ಕೊನೆಗೆ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಇಳಿಸುವ ಕಟ್ಟೆಯ ಮುಂದೆ ತಂದು ನಿಲ್ಲಿಸಿದ್ದ. ಪಾದ್ರಿಗಳು ಅಲ್ಲೇ ಸೂಟ್‌ಕೇಸುಗಳ ನಡುವೆ ನಿಂತು ಊಟದ ಪ್ರಾರ್ಥನೆ ಮುಗಿಸಬೇಕಾಯಿತು. "ಸಮುದ್ರ ಅಲ್ಲೇ ಹಿಂದುಗಡೆ ಇದೆ," ಎಂದು ಬೆದ್ರೋಸ್ ಇವತ್ತಿಗೂ ವಾದಿಸುತ್ತಾನೆ. ಅದು ಸುಳ್ಳೇನಲ್ಲ.

ಇಂಥವನ ಮಗಳು ನಾಯ್ರಿಗೆ ಸಂಬಂಧ ಕೂಡಿಬಂತು. ಹುಡುಗ ಆರೆನ್, ಇದೇ ಊರಿನ ಆಸ್ಪತ್ರೆಯಲ್ಲಿ ನರ್ಸು. ಅವರಿಬ್ಬರೂ ತಾವೇ ನೋಡಿ, ತಾವೇ ಮೆಚ್ಚಿ, ಉಂಗುರದ ಅಳತೆಯನ್ನೂ ಕೊಟ್ಟು ಬಂದಿದ್ದರು. ಆದರೆ ಹುಡುಗನ ಮನೆಯವರು ಫ್ರೆಸ್ನೋದ ದ್ರಾಕ್ಷಿ ತೋಟದವರು. ಉತ್ತರಕ್ಕೆ ನಾಲ್ಕು ಗಂಟೆ ದಾರಿ. ಆ ಮನೆಯಲ್ಲಿ ಅಜ್ಜಿ ಅಜ್ನೀವ್ ಹೇಳಿದ್ದೇ ವೇದವಾಕ್ಯ. ಅಜ್ಜಿ ಹುಡುಗಿಯ ಮನೆಗೆ ಬಂದು, ಕೂತು, ಬಾಯಿಬಿಟ್ಟು ಹುಡುಗಿಯನ್ನು ಕೇಳಬೇಕು. ಹುಡುಗಿಯ ಅಪ್ಪ ಮಾತು ಕೊಡಬೇಕು. ಇಷ್ಟಾಗದೆ ಮದುವೆ ಇಲ್ಲ. ಹಿಂದೊಮ್ಮೆ ಇನ್ನೊಬ್ಬ ಮೊಮ್ಮಗನ ಸಂಬಂಧವನ್ನು, ಬಾಗಿಲಲ್ಲಿ ಎದುರುಗೊಳ್ಳಲು ಯಾರೂ ನಿಂತಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಆಕೆ ಕಾರಿನಿಂದ ಇಳಿಯದೆಯೇ ಮುರಿದುಹಾಕಿದ್ದಳಂತೆ. ಆ ಹುಡುಗ ಈಗಲೂ ಬ್ರಹ್ಮಚಾರಿ.

ಬೆದ್ರೋಸನ ಹೆಂಡತಿ ಝಬೆಲ್ ಮೂರು ದಿನದಿಂದ ದ್ರಾಕ್ಷಿ ಎಲೆಯಲ್ಲಿ ಅನ್ನ-ಮಾಂಸ ಸುತ್ತಿ ಸುತ್ತಿ ಬೆರಳು ಸವೆಸಿಕೊಂಡಿದ್ದಳು. ಗಂಡನಿಗೆ ಅವಳ ಅಪ್ಪಣೆ ಎರಡೇ.

"ಬೆದ್ರೋಸ್, ನಾಳೆ ಬೀಗರು ಏನೇ ಅಂದ್ರೂ ಹೂಂ ಅನ್ನು. ಎದುರು ಮಾತು ಬೇಡ. ಇನ್ನೊಂದು, ಯಾವುದಾದ್ರೂ ರಸ್ತೆ ಹೆಸರು ನಿನ್ನ ಬಾಯಿಂದ ಬಂದ್ರೆ ನಾನು ತವರಿಗೆ ಹೊರಟುಹೋಗ್ತೀನಿ."

"ನಿನ್ನ ತವರು ಅಂದ್ರೆ ಗಾರೋ ತಾನೆ? ಅವನು ಇಲ್ಲೇ ನಮ್ಮ ಸೋಫಾದ ಮೇಲೆ ಬಿದ್ಕೊಂಡಿದಾನೆ."

ಗಾರೋ ಎಂದರೆ ಝಬೆಲ್‌ಳ ತಮ್ಮ. ಸೋಫಾದಿಂದಲೇ ಕೈ ಎತ್ತಿ, "ಭಾವ, ವನಭೋಜನದ ದಿನ ಒಂಬತ್ತನೇ ಕಾರು ನಂದು. ಮರೀಬೇಡ," ಅಂದ.

ಕಷ್ಟ ಇದ್ದದ್ದು ಬೇರೆ ಕಡೆ. ಮಳೆನೀರು ಹೋಗಲೆಂದು ಕಟ್ಟಿದ ಕಾಂಕ್ರೀಟಿನ ದೊಡ್ಡ ಕಾಲುವೆಯೊಂದು ಬೆದ್ರೋಸನ ಬೀದಿಯನ್ನು ಎರಡು ತುಂಡು ಮಾಡಿತ್ತು. ಈಚೆ ತುಂಡಿಗೂ ಆಚೆ ತುಂಡಿಗೂ ಒಂದೇ ಹೆಸರು. ಫೋನಿನ ನಕ್ಷೆ ಬಂದವರನ್ನೆಲ್ಲ ಆಚೆ ದಡಕ್ಕೆ ಒಯ್ದು "ತಲುಪಿದಿರಿ" ಎಂದು ಕೈತೊಳೆದುಕೊಳ್ಳುತ್ತಿತ್ತು. ಅಲ್ಲಿಂದ ಮನೆ ಕಣ್ಣಿಗೆ ಕಾಣುತ್ತದೆ, ರಸ್ತೆಯಲ್ಲಿ ಬಂದರೆ ಇಪ್ಪತ್ತೈದು ನಿಮಿಷ. ಕಾರಿನಿಂದ ಇಳಿಯದೆಯೇ ಸಂಬಂಧ ಮುರಿಯುವ ಅಜ್ಜಿಯನ್ನು ಆಚೆ ದಡದಲ್ಲಿ ನಿಲ್ಲಿಸಿದರೆ ನಾಯ್ರಿಯ ಗತಿ ಏನು?

ಶುಕ್ರವಾರ ಸಂಜೆ ಅಂಗಡಿಯಿಂದ ಬರುವಾಗ ಬೆದ್ರೋಸನಿಗೆ ಉಪಾಯ ಹೊಳೆಯಿತು. ಈ ಊರಿನಲ್ಲಿ ಎಲ್ಲಿ ಚಿತ್ರೀಕರಣವಿದ್ದರೂ ಹೆದ್ದಾರಿ ಇಳಿಯುವಲ್ಲಿಂದ ಕಂಬಕಂಬಕ್ಕೂ ಹಳದಿ ಫಲಕ ಕಟ್ಟುತ್ತಾರೆ. ಮೇಲೆ ತಲೆಬುಡವಿಲ್ಲದ ಒಂದು ಗುಟ್ಟಿನ ಪದ, ಕೆಳಗೆ ಕರಿ ಬಾಣ. ಸಿನಿಮಾ ಕೆಲಸದವರು ಆ ಬಾಣ ಹಿಡಿದು ಕಣ್ಣುಮುಚ್ಚಿ ಬರುತ್ತಾರೆ. ಅವನ ದಾರಿಯಲ್ಲೇ ಆರು ಫಲಕಗಳಿದ್ದವು. "ಮುಗಿಸ್ಕೊಂಡು ಹೋದೋರು ಬಿಚ್ಚೋದು ಮರ್ತಿದಾರೆ, ಸೋಮಾರಿಗಳು," ಎಂದುಕೊಂಡ. ಅವನ್ನು ಮರುದಿನದ ಚಿತ್ರೀಕರಣಕ್ಕೆ ಆಗತಾನೆ ಕಟ್ಟಿಹೋಗಿದ್ದರು ಎಂದು ಹೊಳೆಯಲು ಬೇರೆ ಥರದ ತಲೆ ಬೇಕು. ಆರನ್ನೂ ಬಿಚ್ಚಿ ಮನೆಗೆ ತಂದ. ಫಲಕಗಳ ಹಿಂಬದಿಯ ಬರಿ ಹಳದಿಯ ಮೇಲೆ ಕರಿ ಬೂಟ್‌ಪಾಲಿಶಿನಲ್ಲಿ ಮಗಳ ಹೆಸರು ಬರೆದು, ಬಾಣ ಎಳೆದು, ಕತ್ತಲಾಗುವುದರೊಳಗೆ ಅವೇ ಕಂಬಗಳಿಗೆ ತನ್ನ ಮನೆಯತ್ತ ತಿರುಗಿಸಿ ಕಟ್ಟಿಬಂದ.

ಆ ಕಂಬಗಳೆಲ್ಲ ದಕ್ಷಿಣದಿಂದ ಬರುವವರ ದಾರಿಯಲ್ಲಿದ್ದವು. ಉತ್ತರದಿಂದ ಬರುವವರು ಇಳಿಯುವಲ್ಲಿಯೂ ಅಂಥವೇ ಫಲಕಗಳಿದ್ದವು. ಬೆದ್ರೋಸ್ ಆ ಕಡೆಯಿಂದ ಮನೆಗೆ ಎಂದೂ ಬಂದವನಲ್ಲ. ಹಾಗಾಗಿ ಅವನ ಮಟ್ಟಿಗೆ ಆ ಕಡೆ ಇರಲೇ ಇಲ್ಲ.

ಆಮೇಲೆ ಅಜ್ಜಿಗೆ ಫೋನು ಮಾಡಿದ. "ಅಮ್ಮಾ, ಫೋನಿನ ನಕ್ಷೆ ನಂಬಬೇಡಿ. ಹೆದ್ದಾರಿ ಇಳಿದ ಕೂಡ್ಲೇ ಹಳದಿ ಫಲಕ ಕಾಣತ್ತೆ. ಬಾಣ ತೋರಿಸಿದ ಕಡೆ ತಿರುಗಿ, ಅಷ್ಟೇ. ಏನು ಬರೆದಿದೆ ಅಂತ ಓದೋದೂ ಬೇಡ."

"ನಾನು ಬರೋ ದಾರಿಗೆಲ್ಲ ಫಲಕ ಹಾಕಿಸಿದೀಯಾ?" ಅಜ್ಜಿಯ ಸ್ವರದಲ್ಲಿ ಮೊದಲ ಬಾರಿಗೆ ಸ್ವಲ್ಪ ಬೆಣ್ಣೆ ಕಂಡಿತು. "ಪರವಾಗಿಲ್ಲ, ಮರ್ಯಾದೆ ಗೊತ್ತಿದೆ ನಿನಗೆ."

ಬೆದ್ರೋಸ್ ಆ ರಾತ್ರಿ ಮೀಸೆಯ ಮೇಲೆ ಕೈ ಇಟ್ಟುಕೊಂಡೇ ನಿದ್ದೆ ಹೋದ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೇ ಕಾರುಗಳು ಬರತೊಡಗಿದವು. ಒಂದಲ್ಲ, ಎರಡಲ್ಲ, ಹದಿನಾಲ್ಕು. ಬೀದಿಯ ಎರಡೂ ಬದಿ ತುಂಬಿಹೋಯಿತು. ಎದುರುಮನೆಯ ಒಫೀಲಿಯಮ್ಮ ತನ್ನ ಗೇಟಿಗೆ ಅಡ್ಡ ನಿಂತ ಕಾರನ್ನು ನೋಡಿ, "ಬೆದ್ರೋಸ್, ಮಗಳನ್ನ ಒಬ್ಬನಿಗೆ ಕೊಡ್ತಿದೀಯೋ, ಇಡೀ ಜಿಲ್ಲೆಗೋ?" ಎಂದು ಕೂಗಿದಳು.

ಇಳಿದವರು ಇಪ್ಪತ್ತೆರಡು ಜನ. ಗಂಡಸರು ಸೂಟು, ಹೆಂಗಸರು ಮಿರುಗುವ ಗೌನು. ಏಳೆಂಟು ಜನ ಬರುತ್ತಾರೆಂದು ಹೇಳಿದ್ದರು, ಇರಲಿ. ಎಲ್ಲರಿಗಿಂತ ಮುಂದೆ ಎಪ್ಪತ್ತರ ಆಸುಪಾಸಿನ, ಕೆಂಗೂದಲು ಬೆಳ್ಳಗಾದ ಒಬ್ಬ ಎತ್ತರದ ಮುದುಕ.

"ಕ್ಲೈಡ್ ಪರ್ಡಿ," ಎಂದು ಅವನು ಕೈ ನೀಡಿದ. "ಎಲ್ಲಿ ಕೂರಬೇಕು, ತೋರಿಸಿಬಿಡಿ. ನಾವು ತೊಂದ್ರೆ ಕೊಡೋ ಪೈಕಿ ಅಲ್ಲ."

"ಪರ್ಡಿ?" ಎಂದು ಗಾರೋ ಕಿವಿಯಲ್ಲಿ ಪಿಸುಗುಟ್ಟಿದ. "ಭಾವ, ಇದು ನಮ್ಮವರ ಹೆಸರಾ?"

"ಪರ್ಡಿಯನ್ ಇದ್ದಿರತ್ತೆ, ಫ್ರೆಸ್ನೋಗೆ ಬಂದ್ಮೇಲೆ 'ಯನ್' ಬಾಲ ಕತ್ತರಿಸ್ಕೊಂಡಿದಾರೆ. ಸುಮ್ನಿರು," ಎಂದ ಬೆದ್ರೋಸ್.

ಕಸುಬಿನ ಕಣ್ಣು, ಮೊದಲು ಬಿದ್ದದ್ದು ಬೂಟುಗಳ ಮೇಲೆ. ಮೇಲೆಲ್ಲ ಫಳಫಳ ಪಾಲಿಶು. ಆದರೆ ಪ್ರತಿಯೊಬ್ಬರ ಅಟ್ಟೆಗೂ ಮೆತ್ತನೆಯ ಬಟ್ಟೆ ಅಂಟಿಸಿತ್ತು. ಇಪ್ಪತ್ತೆರಡು ಜನ ಮರದ ನೆಲದ ಮೇಲೆ ನಡೆದುಹೋದರೂ ಟಕ್ ಎನ್ನಲಿಲ್ಲ. ಬೆದ್ರೋಸನ ಕಣ್ಣು ತೇವವಾಯಿತು. ಬೀಗರ ಮನೆಯ ನೆಲ ಗೀರಬಾರದೆಂದು ಬೂಟಿಗೆ ಬಟ್ಟೆ ಅಂಟಿಸಿಕೊಂಡು ಬರುವ ಜನ ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ!

ಅವರು ಯಾರೆಂದು ಓದುಗರಿಗೆ ಹೇಳಿಬಿಡುವುದೇ ಒಳ್ಳೆಯದು. ಸಿನಿಮಾದಲ್ಲಿ ನಾಯಕ-ನಾಯಕಿ ಮಾತಾಡುವಾಗ ಹಿಂದೆ ಕೂತು ಉಣ್ಣುತ್ತ, ನಗುತ್ತ ಇರುವ ಗುಂಪು ಇರುತ್ತದಲ್ಲ, ಆ ಹಿಂದಿನ ಸಾಲಿನವರೇ ಇವರು. ಮಾತಾಡಿದಂತೆ ತುಟಿ ಆಡಿಸಬೇಕು, ಸದ್ದು ಬರಬಾರದು. ಊಟ ಮಾಡಿದಂತೆ ಕೈ ಆಡಿಸಬೇಕು, ಊಟ ಕಡಿಮೆಯಾಗಬಾರದು. ನಡೆದರೆ ಹೆಜ್ಜೆ ಕೇಳಿಸಬಾರದು, ಅದಕ್ಕೇ ಅಟ್ಟೆಗೆ ಬಟ್ಟೆ. ಗುಟ್ಟಿನ ಪದ ಅವರಿಗೆ ವಾರಕ್ಕೊಂದು ಬದಲಾಗುತ್ತದೆ. ಹಳದಿ ಕಂಡರೆ ತಿರುಗುವುದಷ್ಟೇ ಅವರ ಧರ್ಮ.

ಹಾಗಾಗಿ ಬೆದ್ರೋಸನ ನಡುಮನೆಯಲ್ಲಿ, ಚರ್ಚಿನ ಉಗ್ರಾಣದಿಂದ ತರಾತುರಿಯಲ್ಲಿ ತಂದ ಕುರ್ಚಿಗಳ ಮೇಲೆ ಕೂತ ಇಪ್ಪತ್ತೆರಡು ಜನ ಅಭ್ಯಾಸಬಲದಿಂದ ಒಬ್ಬರತ್ತ ಒಬ್ಬರು ತಿರುಗಿ, ಹುಬ್ಬು ಹಾರಿಸಿ, ತಲೆದೂಗಿ, ಸ್ವಲ್ಪವೂ ಸದ್ದಿಲ್ಲದೆ ಹರಟತೊಡಗಿದರು. ಝಬೆಲ್ ಬಾಗಿಲ ಸಂದಿಯಿಂದ ನೋಡಿ ಎದೆ ಮುಟ್ಟಿಕೊಂಡಳು.

"ಏನು ಸಂಸ್ಕಾರ ಅಂತೀನಿ! ನಮ್ಮ ಕಡೆ ನಾಲ್ಕು ಜನ ಸೇರಿದ್ರೆ ಚಾವಣಿ ಹಾರಿಹೋಗತ್ತೆ. ಗಾರೋ, ಕಲ್ತ್ಕೋ."

"ಅಕ್ಕ, ಅವರ ಬಾಯಿ ಆಡ್ತಿದೆ, ಮಾತು ಬರ್ತಿಲ್ಲ. ನನಗ್ಯಾಕೋ ಭಯ ಆಗ್ತಿದೆ."

ತಟ್ಟೆಗಳು ಬಂದವು. ಎಲೆಸುರುಳಿ, ಕಬಾಬು, ಜೇನಿನಲ್ಲಿ ಮುಳುಗಿದ ಬಕ್ಲಾವಾ. ಅತಿಥಿಗಳು ಚಮಚ ಎತ್ತಿದರು, ತುಟಿಯ ಹತ್ತಿರ ತಂದರು, ಆಹಾ ಎಂದು ಮುಖ ಅರಳಿಸಿದರು, ಹಾಗೇ ಇಳಿಸಿದರು. ಮತ್ತೆ ಎತ್ತಿದರು, ಇಳಿಸಿದರು. ತಟ್ಟೆಯಿಂದ ಒಂದು ಅಗುಳೂ ಕಡಿಮೆಯಾಗಲಿಲ್ಲ. ಝಬೆಲ್‌ಳ ಮುಖ ಬಿಳುಚಿಕೊಂಡಿತು.

"ಬೆದ್ರೋಸ್, ಅವರು ತಿಂತಿಲ್ಲ! ಮೂಸಿ ಮೂಸಿ ಇಡ್ತಿದಾರೆ! ಉಪ್ಪು ಜಾಸ್ತಿ ಆಯ್ತಾ? ಹೋಗಿ ಕೇಳು!"

ಬೆದ್ರೋಸ್ ಕೈ ಹೊಸೆಯುತ್ತ ಕ್ಲೈಡನ ಮುಂದೆ ಬಾಗಿದ. "ದೊಡ್ಡೋರು ತಾವು... ಊಟ ಹಿಡಿಸ್ಲಿಲ್ವಾ?"

ಕ್ಲೈಡ್ ಆಚೀಚೆ ನೋಡಿ ದನಿ ತಗ್ಗಿಸಿದ. "ಇದು ತಿನ್ನೋದಾ? ನೋಡೋಕಲ್ವಾ?"

"ತಿನ್ನೋಕೇ ಮಾಡಿದ್ದು ಸ್ವಾಮಿ!"

"ಅಣ್ಣಾ," ಎಂದು ಕ್ಲೈಡ್ ಅವನ ಕೈ ಹಿಡಿದುಕೊಂಡ. "ನಲವತ್ತು ವರ್ಷದಲ್ಲಿ ಮುನ್ನೂರು ಮದುವೆ ಊಟಕ್ಕೆ ಕೂತಿದೀನಿ. ಒಬ್ಬರೂ ಈ ಮಾತು ಹೇಳಿರ್ಲಿಲ್ಲ." ಅವನು ಹಿಂದೆ ತಿರುಗಿ ತಲೆಯಾಡಿಸಿದ ತಡ, ಇಪ್ಪತ್ತೆರಡು ಚಮಚಗಳು ಒಮ್ಮೆಗೇ ಇಳಿದವು. ಹತ್ತು ನಿಮಿಷದಲ್ಲಿ ಝಬೆಲ್‌ಳ ಮೂರು ದಿನದ ಸುರುಳಿ ಅರ್ಧಕ್ಕೆ ಬಂತು. ಅವಳ ಮುಖಕ್ಕೆ ಬಣ್ಣವೂ ಮರಳಿತು.

ಬೆದ್ರೋಸ್ ಸಮಯ ನೋಡಿ ಮತ್ತೆ ಬಾಗಿದ. "ಅಜ್ಜಿಯವರು ಕಾಣ್ಲಿಲ್ಲ. ಇನ್ನೂ ಬರೋರಿದಾರಾ?"

"ಇದ್ದೇ ಇರ್ತಾರೆ. ಮುಖ್ಯದವರು ಯಾವಾಗ್ಲೂ ಕೊನೇಲಿ ಬರೋದು," ಎಂದ ಕ್ಲೈಡ್, ಬಾಯಿ ತುಂಬ ಬಕ್ಲಾವಾ.

"ಹಾಗಿದ್ರೆ ಸರಿ. ಅಷ್ಟರಲ್ಲಿ ತಾವೇನಾದ್ರೂ... ಕೇಳಬೇಕು ಅಂತಿದ್ರೆ ಕೇಳಬಹುದು. ಸಂಕೋಚ ಬೇಡ."

"ಕೇಳೋದೇನೋ ಇದೆ," ಕ್ಲೈಡ್ ಗಂಭೀರನಾದ. ಝಬೆಲ್ ಬಾಗಿಲ ಸಂದಿಗೆ ಕಿವಿ ಕೊಟ್ಟಳು. ಅಡುಗೆಮನೆಯಲ್ಲಿ ಕಾಫಿ ತಟ್ಟೆ ಹಿಡಿದು ನಿಂತ ನಾಯ್ರಿ ಕೂದಲು ಸರಿಮಾಡಿಕೊಂಡಳು. "ಎಂಟು ಗಂಟೆ ಮೀರಿದ್ರೆ ಹೆಚ್ಚಿನ ಕೂಲಿ ಕೊಡ್ತೀರಲ್ವಾ?"

ಹೂಂ ಅನ್ನಬೇಕೆಂದು ಹೆಂಡತಿಯ ಅಪ್ಪಣೆಯಿತ್ತು. "ಹೂಂ," ಎಂದ ಬೆದ್ರೋಸ್. ಇದು ಯಾವ ಶಾಸ್ತ್ರ ಎಂದು ಅವನು ಯೋಚಿಸುತ್ತಿರುವಾಗಲೇ ಹೂಗುಚ್ಛ ಹಿಡಿದ ಹುಡುಗ ಆರೆನ್ ಆಸ್ಪತ್ರೆಯ ಪಾಳಿ ಮುಗಿಸಿ ಬಾಗಿಲಿಗೆ ಬಂದ. ಬಂದವನು ಅಲ್ಲೇ ನಿಂತ.

"ಮಾವ, ಇವರೆಲ್ಲ ಯಾರು?"

"ಯಾರು ಅಂದ್ರೆ? ನಿಮ್ಮೋರು!"

"ನನ್ನ ಜನ್ಮದಲ್ಲಿ ನೋಡಿಲ್ಲ ಇವರನ್ನ. ಅಜ್ಜಿ ಎಲ್ಲಿ? ಅಪ್ಪ ಎಲ್ಲಿ? ಒಂದು ಗಂಟೆಯಿಂದ ಯಾರೂ ಫೋನ್ ಎತ್ತುತ್ತಿಲ್ಲ!"

ನಡುಮನೆ ನಿಶ್ಶಬ್ದವಾಯಿತು. ಮೊದಲೇ ನಿಶ್ಶಬ್ದವಾಗಿತ್ತು, ಈಗ ತುಟಿಗಳೂ ನಿಂತವು.

"ನೀವು... ಇಲ್ಲಿಗೆ ಹ್ಯಾಗೆ ಬಂದ್ರಿ?" ಬೆದ್ರೋಸ್ ಕ್ಲೈಡನನ್ನು ಕೇಳಿದ. ಜೀವನದಲ್ಲಿ ಮೊದಲ ಸಲ ಆ ಪ್ರಶ್ನೆಗೆ ಉತ್ತರ ಬೇಡವಾಗಿತ್ತು ಅವನಿಗೆ.

"ಹಳದಿ ಫಲಕ ಹಿಡ್ಕೊಂಡು."

ಗಾರೋ ಹೊರಗೆ ಓಡಿದ. ಹತ್ತಿರದ ಕಂಬದ ಫಲಕ ಕಿತ್ತು ತಂದು ಹಿಂದುಮುಂದು ತಿರುಗಿಸಿ ತೋರಿಸಿದ. ಒಂದು ಕಡೆ ಬೂಟ್‌ಪಾಲಿಶಿನಲ್ಲಿ ನಾಯ್ರಿ, ಇನ್ನೊಂದು ಕಡೆ ಅಚ್ಚಾದ ಗುಟ್ಟಿನ ಪದ. "ಭಾವ, ನಿನ್ನ ಕಾಲಿಗೆ ಬೀಳ್ತೀನಿ. ಫ್ರೆಸ್ನೋ ಯಾವ ದಿಕ್ಕಿಗಿದೆ?"

"ಉತ್ತರಕ್ಕೆ," ಎಂದ ಬೆದ್ರೋಸ್. ಹೇಳಿದ ಮೇಲೆ ಕುರ್ಚಿ ಹುಡುಕಿದ.

"ಆ ಕಡೆ ಫಲಕಗಳು ಎಲ್ಲಿಗೆ ಹೋಗ್ತವೆ?"

ಉತ್ತರವನ್ನು ಯಾರೂ ಹೇಳಬೇಕಾಗಲಿಲ್ಲ. ಹಿತ್ತಿಲಿನ ಬೇಲಿಯಾಚೆ, ಕಾಲುವೆಯ ಆ ದಡದಲ್ಲಿ ಬಿಳಿ ಡೇರೆಗಳು, ಹಗಲಿನಲ್ಲೇ ಉರಿಯುವ ದೊಡ್ಡ ದೀಪಗಳು, ಲಾರಿಗಳ ಸಾಲು. ಆರೆನ್ ಬೇಲಿಗೆ ಮುಖ ಒತ್ತಿ ನೋಡಿ, "ಅಯ್ಯೋ, ಅಜ್ಜಿಯ ನೇರಳೆ ಟೋಪಿ!" ಎಂದು ಕೂಗಿದ.

ಝಬೆಲ್ ಅಳಲಿಲ್ಲ, ಬೈಯಲಿಲ್ಲ. ಅದಕ್ಕೇ ಬೆದ್ರೋಸನಿಗೆ ಹೆಚ್ಚು ಹೆದರಿಕೆಯಾಯಿತು. ನಾಯ್ರಿ ಕಾಫಿ ತಟ್ಟೆ ಹಿಡಿದು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದವನು ಆರೆನ್ ಒಬ್ಬನೇ. ಆರೆನ್‌ಗೆ ಅಜ್ಜಿಯ ಮಾತು ಮೀರುವ ಎದೆ ಇಲ್ಲ. ಅಜ್ಜಿ ಸಿಟ್ಟಾಗಿ ಕಾರು ಹತ್ತಿದರೆ ಮುಗಿಯಿತು.

"ಕಾರಿನಲ್ಲಿ ಇಪ್ಪತ್ತೈದು ನಿಮಿಷ," ಎಂದ ಗಾರೋ ಫೋನು ನೋಡಿ.

"ಮೂರು ನಿಮಿಷ," ಎಂದ ಬೆದ್ರೋಸ್. "ಬೇಲಿ ಕೊನೇಲಿ ಕಾಲುವೆ ಕೆಲಸದೋರ ಗೇಟಿದೆ. ಬೀಗ ಮುರಿದು ಹನ್ನೊಂದು ವರ್ಷ ಆಯ್ತು. ಇಳಿಜಾರು ಇಳಿದು, ನಡೂನೀರು ದಾಟಿ, ಆಚೆ ಏಣಿ."

ಎಲ್ಲರೂ ಅವನನ್ನು ನೋಡಿದರು. ಯಾವ ನಕ್ಷೆಯಲ್ಲೂ ಇಲ್ಲದ ದಾರಿ ಅದು. ಮೇ ತಿಂಗಳು, ಕಾಲುವೆಯ ನಡುವೆ ಹಿಮ್ಮಡಿ ನೆನೆಯುವಷ್ಟು ನೀರು. ಬೆದ್ರೋಸ್ ಸೂಟಿನಲ್ಲೇ ಮುಂದೆ ಇಳಿದ. ಹಿಂದೆ ಆರೆನ್, ಹೂಗುಚ್ಛ. ಅವನ ಹಿಂದೆ ನಾಯ್ರಿ, ಒಂದು ಹನಿಯೂ ಚೆಲ್ಲದಂತೆ ಕಾಫಿ ತಟ್ಟೆ. ಅವಳ ಹಿಂದೆ ಝಬೆಲ್, ಉಳಿದ ಎಲೆಸುರುಳಿಯ ದೊಡ್ಡ ಪಾತ್ರೆಯ ಒಂದು ಕಿವಿ. ಇನ್ನೊಂದು ಕಿವಿ ಗಾರೋ. "ಕೆಲಸ ಆ ದಡದಲ್ಲಿ ಅಂತಾಯ್ತಲ್ಲ," ಎಂದು ಕ್ಲೈಡ್ ಎದ್ದ. ಗೌನು ಎತ್ತಿ ಹಿಡಿದ ಹೆಂಗಸರು, ಪ್ಯಾಂಟು ಮಡಚಿದ ಗಂಡಸರು, ಇಪ್ಪತ್ತೆರಡು ಜನ ಸದ್ದಿಲ್ಲದೆ ಹಿಂಬಾಲಿಸಿದರು. ಒಫೀಲಿಯಮ್ಮ ಬೇಲಿ ಹಿಡಿದು ಶಿಲುಬೆಯ ಗುರುತು ಮಾಡಿಕೊಂಡಳು.

ಆಚೆ ಏಣಿಯ ತುದಿಯಲ್ಲಿ, ಚಿತ್ರೀಕರಣದ ಕಾವಲಿಗೆ ನಿಂತ ಒಬ್ಬ ಪೊಲೀಸ್ ಅಧಿಕಾರಿ ಸೊಂಟದ ಮೇಲೆ ಕೈ ಇಟ್ಟು ಕಾಯುತ್ತಿದ್ದ.

"ನಿಲ್ಲಿ. ಕಾಲುವೆಗಿಳಿಯೋದು ಅಪರಾಧ. ಚಿತ್ರೀಕರಣ ಆದ್ರೆ ಅನುಮತಿ ಪತ್ರ ತೋರಿಸಿ. ಚಿತ್ರೀಕರಣ ಅಲ್ದಿದ್ರೆ ದಂಡ ಕಟ್ಟಿ. ಯಾವುದು?"

"ಸ್ವಾಮಿ, ಮಗಳ ಮದುವೆ ಮಾತುಕತೆ..." ಎಂದು ಬೆದ್ರೋಸ್ ಅಳುತ್ತ ತೊದಲಿದ.

ಅಧಿಕಾರಿ ಅವನ ಹಿಂದೆ ಇಣುಕಿದ. ಸೂಟು, ಗೌನು, ಹೂವು, ಕಾಫಿ, ಮೆರವಣಿಗೆ. ಕ್ಲೈಡ್ ಹಿಂದಿನಿಂದ ಕೈ ಬೀಸಿ, "ಹಿಂದಿನ ಸಾಲಿನವರು ಸಾರ್!" ಅಂದ. ಅಧಿಕಾರಿಯ ಮುಖ ಸಡಿಲಾಯಿತು. "ಮೊದ್ಲೇ ಹೇಳಬಾರದಾ? ಅಳು ಅಂತೂ ನಿಜ ಇದ್ದ ಹಾಗಿದೆ ನಿಮ್ಮದು," ಎಂದು ಬೆದ್ರೋಸನ ಕೈಹಿಡಿದು ಮೇಲೆತ್ತಿದ.

ಡೇರೆ ದಾಟಿ ಒಳಗೆ ಹೋದರೆ ಒಂದು ದೊಡ್ಡ ಮನೆಯ ಊಟದ ಕೋಣೆ. ಮೇಜಿನ ತಲೆಯಲ್ಲಿ ನೇರಳೆ ಟೋಪಿಯ ಅಜ್ನೀವ್ ಅಜ್ಜಿ. ಎದುರಿಗೆ, ನೆರೆತ ಮೀಸೆಯ ಭವ್ಯ ಪುರುಷನೊಬ್ಬ, ಪಕ್ಕದಲ್ಲಿ ತಲೆ ತಗ್ಗಿಸಿದ ಒಬ್ಬ ಚೆಲುವೆ. ಸುತ್ತ ಕ್ಯಾಮೆರಾ.

"ಕೊನೇ ಸಲ ಕೇಳ್ತೀನಿ," ಅಜ್ಜಿ ಹೇಳುತ್ತಿದ್ದಳು. "ನಿಮ್ಮ ಮನೆ ಬೆಳಕನ್ನ ನಮ್ಮ ಮನೆಗೆ ಕೊಡ್ತೀಯಾ?"

ಭವ್ಯ ಪುರುಷ ದೀರ್ಘವಾಗಿ ಉಸಿರೆಳೆದು, "ಕೊಟ್ಟೆ," ಎಂದ. ಅಜ್ಜಿ ತನ್ನ ಕೈಯ ಚಿನ್ನದ ಬಳೆ ಬಿಚ್ಚಿ ಚೆಲುವೆಯ ಕೈಗೆ ತೊಡಿಸಿದಳು.

"ಅದ್ಭುತ!" ಎಂದು ನಿರ್ದೇಶಕಿ ಕೂಗಿದಳು. "ಬಳೆ ವಾಪಸ್ ಕೊಡಿ, ಇನ್ನೊಂದ್ಸಲ!"

ಆರೆನ್‌ನ ಅಪ್ಪ ಲೆವೋನ್ ಮೂಲೆಯಿಂದ ಕಣ್ಣಲ್ಲೇ ಮಗನನ್ನು ಕರೆದ. "ಬಂದ ಕೂಡ್ಲೇ ನಮ್ಮನ್ನೇ ಹೆಣ್ಣು ಕೇಳೋ ದೃಶ್ಯದ ನಟರು ಅಂದ್ಕೊಂಡು 'ತಡ ಆಯ್ತು ಬನ್ನಿ ಬನ್ನಿ' ಅಂತ ಒಳಗೆ ತಳ್ಳಿ ಫೋನೆಲ್ಲ ಚೀಲಕ್ಕೆ ಹಾಕಿಸ್ಕೊಂಡ್ರು ಕಣೋ. ಇದು ಸಿನಿಮಾ ಅಂತ ಎರಡನೇ ಸಲಕ್ಕೇ ನನಗೆ ಗೊತ್ತಾಯ್ತು."

"ಹೇಳಬಾರದಿತ್ತಾ ಅಪ್ಪ?"

"ನಿಮ್ಮಜ್ಜಿ ಮಾತಾಡ್ತಿರೋವಾಗ? ನಾನಾ?"

ಬೆದ್ರೋಸ್ ಇನ್ನು ತಡೆಯಲಾರದೆ ಕ್ಯಾಮೆರಾದ ಮುಂದೆ ನುಗ್ಗಿದ. "ಅಮ್ಮಾ! ಹುಡುಗಿ ಅಪ್ಪ ಅವನಲ್ಲ, ನಾನು! ನಾನು ಬೆದ್ರೋಸ್!"

ಅಜ್ಜಿ ನಿಧಾನವಾಗಿ ತಿರುಗಿದಳು. ನೆನೆದ ಪ್ಯಾಂಟು, ಬೆವರಿದ ಮುಖ ಎಲ್ಲ ನೋಡಿದಳು. "ಹಾಗಾದ್ರೆ ಐದು ಸಲ ನನಗೆ ಮಗಳನ್ನ ಕೊಟ್ಟ ಈ ದೊಡ್ಡ ಮನುಷ್ಯ ಯಾರು?"

"ಅಮ್ಮಾ, ನಾನು ದ... ದಿನಗೂಲಿ ನಟ," ಎಂದ ಭವ್ಯ ಪುರುಷ. ಚೆಲುವೆ ಬಳೆ ಬಿಚ್ಚಿ, ಅಜ್ಜಿಯ ಕೈಗಿಟ್ಟು, ಆ ಕೈಗೆ ಮುತ್ತಿಟ್ಟಳು.

ಎಲ್ಲರೂ ಸ್ಫೋಟಕ್ಕೆ ಕಾದರು. ಅಜ್ಜಿಗೆ ಸಿಟ್ಟೇನೋ ಬಂತು, ಆದರೆ ಬರಬೇಕಾದ ಕಡೆಯಿಂದ ಬರಲಿಲ್ಲ.

"ಬಾಗಿಲಲ್ಲಿ ಹನ್ನೆರಡು ಜನ ಎದುರುಗೊಂಡ್ರು," ಎಂದಳು. "ಐದು ಸಲ ಕೇಳಿಸಿದ್ರು. ಇನ್ನೊಂದ್ಸಲ, ಇನ್ನೊಂದ್ಸಲ ಅಂತ. ನಮ್ಮಜ್ಜಿ ಕಾಲದಲ್ಲಿ ಹೀಗೇ ಇತ್ತು, ಏಳು ಸಲ ಕೇಳದೆ ಹೆಣ್ಣು ಕೊಡ್ತಿರಲಿಲ್ಲ. ಹೆಣ್ಣಿಗೆ ಬೆಲೆ ಇರೋ ಮನೆ ಅಂತ ನನ್ನ ಹೊಟ್ಟೆ ತಣ್ಣಗಾಗಿತ್ತು. ನೀನು ಏನಂತೀಯ?"

"ಕೊಟ್ಟೆ ಅಮ್ಮಾ! ಈಗ್ಲೇ ಕೊಟ್ಟೆ! ಕರ್ಕೊಂಡ್ಹೋಗಿ!"

ಅಜ್ಜಿ ಎದ್ದು ನಿಂತಳು. "ಕೇಳೋ ಮುಂಚೆನೇ? ಇವಳೇನು ನಿನ್ನ ಅಂಗಡೀಲಿ ಬಿಟ್ಟುಹೋದ ಹಳೇ ಬೂಟಾ? ಲೆವೋನ್, ಕಾರು ತೆಗಿ."

ಝಬೆಲ್ ಗಂಡನ ಬೆನ್ನಿಗೆ ಚಿವುಟಿ, "ಇಲ್ಲ ಅನ್ನೋ, ಬೆಪ್ಪೇ!" ಎಂದು ಪಿಸುಗುಟ್ಟಿದಳು.

"ಇಲ್ಲ!" ಎಂದು ಬೆದ್ರೋಸ್ ಕಿರುಚಿದ. "ಕೊಡಲ್ಲ!"

ಅಜ್ಜಿ ಅರ್ಧ ತಿರುಗಿದವಳು ನಿಂತಳು. ಮತ್ತೆ ಬಂದು ಕೂತಳು. ನಾಯ್ರಿ ಆಕೆಯ ಮುಂದೆ ಕಾಫಿ ಇಟ್ಟಳು. ಅಜ್ಜಿ ಅದನ್ನು ಮುಟ್ಟಲಿಲ್ಲ. "ಮಾತು ಸಿಗದೆ ನಾನು ಏನೂ ಕುಡಿಯಲ್ಲ. ಎರಡನೇ ಸಲ. ಕೊಡ್ತೀಯಾ?" ನಿರ್ದೇಶಕಿ ಬೆರಳು ತಿರುಗಿಸಿದಳು, ಕ್ಯಾಮೆರಾ ಓಡಲಿ ಎಂದು.

"ಇಲ್ಲ. ಇನ್ನೂ ಚಿಕ್ಕೋಳು."

"ಎಷ್ಟು?"

"ಇಪ್ಪತ್ತೊಂಬತ್ತು."

ಗಾರೋ ಎಲೆಸುರುಳಿಯ ಪಾತ್ರೆಯೊಳಗೆ ಮುಖ ಹುದುಗಿಸಿ ನಕ್ಕ. ಮೂರನೆಯ ಸಲ ಬೆದ್ರೋಸ್, ಫ್ರೆಸ್ನೋ ದೂರವಾಯಿತು, ಅಂದ. ನಾಲ್ಕನೆಯ ಸಲ ಅಲ್ಲಿ ಬಿಸಿಲು ಜಾಸ್ತಿ, ಅಂದ. ಹುಡುಗ ಇರುವುದು ಇದೇ ಊರಿನಲ್ಲಿ ಎಂದು ಯಾರೂ ನೆನಪಿಸಲಿಲ್ಲ. ಐದನೆಯದಕ್ಕೆ ಅವನ ಹತ್ತಿರ ನೆಪಗಳು ಮುಗಿದವು. ಬರೀ "ಇಲ್ಲ" ಅಂದ. ಆ ಇಲ್ಲದಲ್ಲಿ ಏನೋ ಬೇರೆ ಸೇರಿಕೊಂಡಿತ್ತು.

"ಆರನೇ ಸಲ. ಯಾಕೆ ಕೊಡಲ್ಲ?"

ಬೆದ್ರೋಸ್ ನೆಲ ನೋಡಿದ. "ಶನಿವಾರ ಅಂಗಡಿಗೆ ಬರ್ತಾಳೆ ಅಮ್ಮಾ. ನಾನು ಗಿರಾಕಿಗಳಿಗೆ ದಾರಿ ಹೇಳ್ತೀನಿ. ಅವರು ಹೊರಗೆ ಹೋದ ಮೇಲೆ ಇವಳು ಏನೋ ನೆಪ ಮಾಡಿ ಹಿಂದೇನೇ ಓಡಿಹೋಗಿ ಸರಿಯಾದ ದಾರಿ ಹೇಳಿ ಬರ್ತಾಳೆ. ಹದಿನಾಲ್ಕು ವರ್ಷದಿಂದ. ನನಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ." ಅವನು ಮಗಳತ್ತ ತಿರುಗದೆಯೇ ಮುಂದುವರಿಸಿದ. "ನನಗೆ ದಾರಿ ಗೊತ್ತಿಲ್ಲ ಅಮ್ಮಾ. ಯಾವತ್ತೂ ಗೊತ್ತಿರ್ಲಿಲ್ಲ. ಇವಳು ಹೋದ್ರೆ ಊರಲ್ಲಿ ಎಷ್ಟು ಜನ ಕಳೆದುಹೋಗ್ತಾರೋ."

"ಅಪ್ಪಾ," ಎಂದಳು ನಾಯ್ರಿ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. "ಶನಿವಾರ ಬರ್ತೀನಿ. ಮದುವೆ ಆದ್ಮೇಲೂ ಬರ್ತೀನಿ."

ಹಿಂದಿನ ಸಾಲಿನ ಇಪ್ಪತ್ತೆರಡು ಜನ ತಮ್ಮ ಕಸುಬಿನ ಶಿಸ್ತು ಮರೆತು, ಸದ್ದು ಮಾಡಿಯೇ ಮೂಗು ಒರೆಸಿಕೊಂಡರು.

ಅಜ್ಜಿ ಬಳೆಯನ್ನು ಮೇಜಿನ ಮೇಲಿಟ್ಟಳು. ಈ ಸಲ ದನಿ ಮೆತ್ತಗಿತ್ತು. "ಏಳನೇ ಸಲ ಕೇಳ್ತಿದೀನಿ ಮಗಾ. ನಿನ್ನ ಮನೆ ಬೆಳಕನ್ನ ನಮ್ಮ ಮನೆಗೆ ಕೊಡ್ತೀಯಾ?"

ಬೆದ್ರೋಸ್ ಬಾಯಿ ತೆರೆದ. ಮುಚ್ಚಿದ. ಮಗಳನ್ನು ನೋಡಿದ. ತುಟಿ ಆಡಿತು, ಅಷ್ಟೇ.

ಮೂಲೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದ ಧ್ವನಿಗ್ರಾಹಕ ಕೈ ಎತ್ತಿದ. "ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿಸಿ."

"ನನಗೆ ಕೇಳಿಸ್ತು," ಎಂದಳು ಅಜ್ಜಿ, ಮತ್ತು ಆರಿಹೋಗಿದ್ದ ಕಾಫಿಯನ್ನು ಎತ್ತಿ ಒಂದೇ ಗುಟುಕಿಗೆ ಕುಡಿದಳು.